ಗಣಪಿ ಅತ್ತೆಗೆ ಹಲ್ಲೋ ಕಣ್ಣೋ

ಮಿರ್ಜಾನದ ನಮ್ಮ ಕೇರಿಯಲ್ಲಿ ಯಾರ ಮನೆ ಮದುವೆಯಾದರೂ ಹಾಡಿನ ಮೊದಲ ಸೊಲ್ಲು ಎತ್ತುವವಳು ನನ್ನ ಅಪ್ಪನ ಅಕ್ಕ ಗಣಪಿ ಅತ್ತೆ. ಅವಳು ಒಂದು ಸೊಲ್ಲು ಹೇಳಬೇಕು, ಉಳಿದ ಮುದುಕಿಯರು ಅದನ್ನೇ ತಿರುಗಿ ಹೇಳಬೇಕು. ಎದುರಿನ ಹಲ್ಲುಗಳು ಉದುರಿದ್ದೇ ಸೈ, ಬಾಯಿಗೆ ಸೆರಗು ಅಡ್ಡ ಹಿಡಿದವಳು ಹಾಡೇ ನಿಲ್ಲಿಸಿಬಿಟ್ಟಳು.

"ಈ ಬೊಚ್ಚು ಬಾಯಲ್ಲಿ ಹಾಡಿ ನಗೆಪಾಟಲು ಆಗ್ಲಾ? ಬಾಕಿ ಎಲ್ರಿಗೂ ಹಲ್ಲು ಅದೆ, ನನಗೊಬ್ಳಿಗೇ ಇಲ್ಲ" ಅನ್ನುತ್ತಿದ್ದಳು.

ನನ್ನ ಮಗಳು ವಿನುತಾಳ ಮದುವೆ ಹತ್ತಿರ ಬಂದಿತ್ತು. ಅತ್ತೆ ಹಾಡದಿದ್ದರೆ ಸೌಂಡ್ ಬಾಕ್ಸ್ ತರುತ್ತೇವೆ ಎಂದು ಬೀಗರ ಕಡೆಯವರು ತುದಿಗಾಲಲ್ಲಿ ನಿಂತಿದ್ದರು. ನನ್ನ ಮಗಳಿಗೆ ಪೆಟ್ಟಿಗೆ ಹಾಡಬೇಕೆ? ನನಗೆ ಪಿತ್ತ ನೆತ್ತಿಗೇರಿತು.

ಅದೇ ಹೊತ್ತಿಗೆ ಹೆಂಗಸರ ಸಂಘದವರು ವಯಸ್ಸಾದವರಿಗೆಲ್ಲ ವಿಮೆ ಮಾಡಿಸಲು ಹೊರಟರು. ಕುಮಟೆಯಿಂದ ಏಜೆಂಟ್ ಮಧುಸೂದನ ಬಂದು ನಮ್ಮ ಜಗಲಿಯಲ್ಲಿ ಕೂತ. ಆಸ್ಪತ್ರೆ ಖರ್ಚು ಎಲ್ಲರಿಗೂ ಸಿಗುತ್ತದಂತೆ. ಅದರ ಮೇಲೆ ಹಲ್ಲು, ಇಲ್ಲವೇ ಕಣ್ಣು, ಒಂದನ್ನು ಆರಿಸಿಕೊಳ್ಳಬೇಕಂತೆ. ಹಲ್ಲು ಅಂದರೆ ಹಲ್ಲಿನ ಸೆಟ್ಟು. ಕಣ್ಣು ಅಂದರೆ ತಪಾಸಣೆ, ಕನ್ನಡಕ.

"ಎರಡೂ ಕೊಡುಕೆ ಎಂತ ರೋಗ ನಿಮ್ಮ ಕಂಪನಿಗೆ? ಒಂದೇ ಮುಖದಲ್ಲಿ ಇಲ್ವಾ ಎರಡೂ?" ನಾನು ಎಗರಿದೆ.

"ಕಾನೂನು ನಾ ಮಾಡಿದ್ದಲ್ಲ ಮಾಬ್ಲಣ್ಣ" ಅಂದ ಅವನು, ಚೀಲ ಎದೆಗೆ ಒತ್ತಿಕೊಂಡು.

ಅತ್ತೆಗೆ ಕಣ್ಣೂ ಮಂಜೇ. ಅಂಗಳದಲ್ಲಿ ನಿಂತ ನನ್ನನ್ನೇ "ಯಾರಾ ಅದು?" ಎಂದು ಕೇಳುವವಳು. ಆದರೂ ಮದುವೆಗೆ ಬೇಕಾದದ್ದು ಹಲ್ಲು. ಹಲ್ಲೇ ಬರೆದುಕೋ ಎಂದೆ.

"ಅಮ್ಮಾ, ಎಲೆ-ಅಡಿಕೆ ಕವಳ, ತಂಬಾಕು ಎಂತಾದ್ರೂ ಹಾಕ್ತೀರಾ?" ಮಧುಸೂದನ ಕೇಳಿದ.

ಯಾವ ಚಟ ಕೇಳಿದರೂ ಇಲ್ಲ ಅನ್ನು ಎಂದು ಹಿಂದಿನ ದಿನವೇ ಹೇಳಿಕೊಟ್ಟಿದ್ದೆ. ಅತ್ತೆ ತಡೆ ಎಂದು ಕೈ ಎತ್ತಿ ಅಂಗಳಕ್ಕಿಳಿದಳು. ತೆಂಗಿನ ಬುಡಕ್ಕೆ ಪಿಚಕ್ಕನೆ ಕೆಂಪಗೆ ಉಗಿದಳು, ಬಾಯಿ ಮುಕ್ಕಳಿಸಿದಳು, ಬಂದು ಕೂತು ಗಂಭೀರವಾಗಿ ಹೇಳಿದಳು: "ಇಲ್ಲ ತಮ್ಮಾ."

ಮಧುಸೂದನ ತೆಂಗಿನ ಬುಡ ನೋಡಿದ, ನನ್ನನ್ನು ನೋಡಿದ. "ಹಾಗೇ ಬರ್ಕೊಳ್ಬಹುದು. ಆದ್ರೆ ಹಲ್ಲಿನ ಡಾಕ್ಟ್ರು ಬಾಯಿ ನೋಡ್ತಾರಲ್ಲ. ಕವಳ ಬಿಡದೆ ಸೆಟ್ಟು ಮಂಜೂರಿ ಇಲ್ಲ."

"ಬಿಡ್ತಾಳೆ" ಎಂದೆ.

"ಯಾರಾ ಬಿಡುದು?" ಅತ್ತೆ ತಿರುಗಿ ಬಿದ್ದಳು.

ನಮ್ಮಲ್ಲಿ ಮದುವೆ ಮನೆಯವರು ಹಾಡುವವಳ ಮುಂದೆ ಮೊದಲು ಕವಳದ ಬಟ್ಟಲು ಇಡಬೇಕು. ಅವಳು ಎಲೆಗೆ ಸುಣ್ಣ ಹಚ್ಚಿ ಬಾಯಿಗಿಟ್ಟರೆ ಮಾತ್ರ ಹಾಡು. ಬಟ್ಟಲು ಸರಿಸಿದಳೋ, ಆ ಮನೆಯ ಸಂಗಡ ಮುನಿಸು ಎಂದೇ ಲೆಕ್ಕ. ಕವಳ ಬಿಟ್ಟರೆ ಹಾಡೂ ಬಿಟ್ಟಂತೆ.

"ಮದುವೇಲಿ ತಗೊಂಡ ಹಾಗೆ ಮಾಡಿ ಸೆರಗಿಗೆ ಕಟ್ಕೊಳ್ಳಿ" ಎಂದ ಮಧುಸೂದನ.

"ಎಂಥ ಮಗ ನೀನು! ನಿನ್ನ ಅವ್ವಿ ಇದನ್ನೇ ಕಲ್ಸಿದ್ದಾ?" ಅಂದಳು ಅತ್ತೆ. ಪಾಪ, ಅವನು ಬೆವರಿದ. ಅತ್ತೆ ಅವನ ಕಾಗದದತ್ತ ಬೆರಳು ತೋರಿಸಿದಳು. "ಕಣ್ಣೇ ಬರ್ಕೊ."

"ಹಾಡುಕೆ ಕಣ್ಣೆಂತಕ್ಕೆ?" ನಾನು ಕಿರುಚಿದೆ.

"ಹಾಡು ಹೋಯ್ತಲ್ಲ. ವಿನುತಾನ ಮುಖ ಆದ್ರೂ ಸರಿ ಕಾಣ್ಲಿ."

ಸಿಟ್ಟಿಗೆ ನಾನು ಕನ್ನಡಕದ ಅಂಗಡಿಗೂ ಜೊತೆಗೆ ಹೋಗಲಿಲ್ಲ. ವಿನುತಾಳೇ ಕರೆದುಕೊಂಡು ಹೋದಳು.

ಮದುವೆಯ ದಿನ ಮುದುಕಿಯರೆಲ್ಲ ಚಪ್ಪರದಲ್ಲಿ ಸಾಲಾಗಿ ಕೂತರು. ಹಾಡದಿದ್ದರೂ ಜಾಗ ಅತ್ತೆಯದೇ, ನನ್ನ ಹೆಂಡತಿ ಅವಳ ಮುಂದೆಯೇ ಕವಳದ ಬಟ್ಟಲು ಇಟ್ಟಳು. ಆಚೆ ಬೀಗರ ಹುಡುಗರು ಪೆಟ್ಟಿಗೆಗೆ ವಯರು ಸಿಕ್ಕಿಸುತ್ತಿದ್ದರು. ಅತ್ತೆ ಹೊಸ ಕನ್ನಡಕ ಏರಿಸಿ ಮದುಮಗಳನ್ನು ನೋಡಿದಳು. ಕಣ್ಣೊರೆಸಿಕೊಂಡಳು. ಆಮೇಲೆ ಪಕ್ಕದಲ್ಲಿ ಕೂತ ಸುಬ್ಬಿಯ ಕಡೆ ತಿರುಗಿದವಳು ಅವಳ ಬಾಯನ್ನೇ ದಿಟ್ಟಿಸಿದಳು.

"ಏ ಸುಬ್ಬಿ, ನಿನ್ನ ಹಲ್ಲೆಲ್ಲಿ ಹೋಯ್ತೇ?"

"ನಿಂದು ಹೋದಲ್ಲಿಗೇ. ಈಗ ಕಂಡ್ತಾ?"

ಅತ್ತೆ ಬಗ್ಗಿ ಬಗ್ಗಿ ಸಾಲಿನ ಕೊನೆತನಕ ಒಬ್ಬೊಬ್ಬರ ಬಾಯಿ ನೋಡಿದಳು. ಒಬ್ಬಳಿಗೆ ಮೇಲಿಲ್ಲ, ಇನ್ನೊಬ್ಬಳಿಗೆ ಕೆಳಗಿಲ್ಲ, ಮತ್ತೊಬ್ಬಳಿಗೆ ಒಂದೇ ಒಂದು ಕೋರೆ. "ಅಯ್ಯೋ ರಂಡೇರಾ! ನಾನೊಬ್ಳೇ ಬೊಚ್ಚಿ ಅಂತ ಮನೆಯಲ್ಲಿ ಕೂತಿದ್ನಲ್ರೇ!" ಎಂದು ಸೆರಗು ಬಿಟ್ಟು ನಕ್ಕಳು. ಚಪ್ಪರವೇ ನಕ್ಕಿತು.

ಅವಳ ಕೈ ಬಟ್ಟಲಿಗೆ ಹೋಯಿತು. ಎಲೆಗೆ ಸುಣ್ಣ ಬಿತ್ತು. ನಾನು ಓಡಿದೆ. "ತೆಗೀರೋ ಆ ವಯರು!" ಎಂದು ಬೀಗರ ಹುಡುಗರ ಮೇಲೆ ಹಾರಿಬೀಳುವಷ್ಟರಲ್ಲಿ, ನನ್ನ ಹಿಂದೆ ಮೊದಲ ಸೊಲ್ಲು ಎದ್ದಿತ್ತು.