ತಂಗಿ ಕುಟುಂಬವಲ್ಲ ಎಂದ ಕಾಯಿದೆ

ಅರವತ್ತರ ದಶಕದ ಆರಂಭದಲ್ಲಿ ನಾನು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಮಿಕರ ವಿಮಾ ಡಿಸ್ಪೆನ್ಸರಿಯೊಂದರ ಸ್ಟಾಫ್ ನರ್ಸ್ ಆಗಿದ್ದೆ. ಸರಕಾರದ ಆರೋಗ್ಯ ವಿಮೆ ಆಗ ನಮ್ಮ ಊರಿಗೆ ಹೊಸದು. ಕಾರ್ಖಾನೆಯ ಆಳುಗಳ ಸಂಬಳದಲ್ಲಿ ಸ್ವಲ್ಪ ಹಿಡಿಯುತ್ತಿದ್ದರು, ಮಾಲಿಕರೂ ತಮ್ಮ ಪಾಲು ಕಟ್ಟುತ್ತಿದ್ದರು. ಬದಲಿಗೆ ಚಿಕಿತ್ಸೆ, ಕಾಯಿಲೆ ಬಿದ್ದ ದಿನಗಳಿಗೆ ಭತ್ತೆ, ದುಡಿಯುವ ಹೆಂಗಸರಿಗೆ ಹೆರಿಗೆಯ ಸೌಲಭ್ಯ. ಆಮೇಲೆ ಕಾರ್ಮಿಕರ ಕುಟುಂಬಕ್ಕೂ ಚಿಕಿತ್ಸೆ ಕೊಡಬೇಕೆಂದು ಆದೇಶ ಬಂತು.

ಕಾಯಿದೆ ಬರೆದವರ ಪ್ರಕಾರ ಗಂಡಸಿನ ಕುಟುಂಬ ಎಂದರೆ ಹೆಂಡತಿ, ಮಕ್ಕಳು. ನಮ್ಮ ತುಳು ಜನರಲ್ಲಿ ಅನೇಕರದು ಅಳಿಯಸಂತಾನ. ಅಲ್ಲಿ ಮನೆತನ ತಾಯಿಯಿಂದ ಮಗಳಿಗೆ ಇಳಿಯುತ್ತದೆ, ಗಂಡಸು ಅಕ್ಕತಂಗಿಯರ ಮತ್ತು ಅವರ ಮಕ್ಕಳ ಭಾರ ಹೊರುತ್ತಾನೆ. ಕೊಂಕಣಿ ಮಾತಾಡುವ ಕ್ರಿಸ್ತುವರ ಮನೆಯಲ್ಲಿ ಹುಟ್ಟಿದ ನನಗೂ ಇದು ಗೊತ್ತಿತ್ತು, ನೆರೆಕರೆಯವರೆಲ್ಲ ಹಾಗೆಯೇ ಬದುಕುತ್ತಿದ್ದರು. ಘಟ್ಟದ ಮೇಲಿನಿಂದ ಬಂದ ನಮ್ಮ ಗುಮಾಸ್ತನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಅವನಿಗಿರಲಿಲ್ಲ.

ಒಂದು ಮಧ್ಯಾಹ್ನ ಹಂಚಿನ ಕಾರ್ಖಾನೆಯ ಆಳು ಐತಪ್ಪ, ತನ್ನ ತಂಗಿ ಕಲ್ಯಾಣಿಯನ್ನು ಹಂಚು ಸಾಗಿಸುವ ಕೈಗಾಡಿಯಲ್ಲಿ ಮಲಗಿಸಿಕೊಂಡು ಬಂದ. ಅವಳಿಗೆ ಗರ್ಭಪಾತವಾಗಿತ್ತು. ರಕ್ತ ಗಾಡಿಯ ಹಲಗೆಗಳ ಸಂದಿನಿಂದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮಲ್ಲಿ ಆಪರೇಶನ್ ಮಾಡುವ ಅನುಕೂಲ ಇರಲಿಲ್ಲ, ವ್ಯಾನಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾಗಿತ್ತು. ವ್ಯಾನಿಗೆ ಡಾಕ್ಟರ ಸಹಿ ಬೇಕು. ಡಾಕ್ಟರನ್ನು ಕಾಣಬೇಕಾದರೆ ಮೊದಲು ಗುಮಾಸ್ತ ಎಂಬ ಪೂಜಾರಿ ವರ ಕೊಡಬೇಕು. ಅವನು ಐತಪ್ಪನ ವಿಮಾ ಕಾರ್ಡು ನೋಡಿ ತಲೆಯಾಡಿಸಿದ.

"ತಂಗಿ ನಿನ್ನ ಕುಟುಂಬ ಅಲ್ಲಪ್ಪ. ಹೆಂಡತಿ ಆಗಿದ್ರೆ ಕಳಿಸಬಹುದಿತ್ತು."

"ಹೆಂಡತಿಯನ್ನು ನೋಡ್ಲಿಕ್ಕೆ ಅವಳ ಅಣ್ಣ ಇದ್ದಾನೆ ಮಾರಾಯ್ರೇ. ಇವಳ ಗಂಡ ಬೊಂಬಾಯಿಯಲ್ಲಿ. ಇವಳಿಗೆ ನಾನಲ್ಲದೆ ಯಾರುಂಟು?"

"ಹಾಗಾದ್ರೆ ಬೊಂಬಾಯಿಗೇ ಕರ್ಕೊಂಡು ಹೋಗು" ಎಂದು ಗುಮಾಸ್ತ ನಕ್ಕ.

ಐತಪ್ಪನ ಮುಷ್ಟಿ ಆ ಬಾಯಿಗೇ ಬಿತ್ತು. ಗುಮಾಸ್ತ ಹಲ್ಲು ಉಗುಳುತ್ತ ಕುರ್ಚಿ ಸಮೇತ ಉರುಳಿದ. ಬಿಡಿಸಲು ಹೋದ ಜವಾನನನ್ನು ಐತಪ್ಪ ಔಷಧಿಯ ಗಾಜಿನ ಕಪಾಟಿಗೆ ಬಡಿದ. ಅಷ್ಟರಲ್ಲಿ ಊಟದ ಬಿಡುವಿನಲ್ಲಿದ್ದ ಕಾರ್ಖಾನೆಯವರಿಗೆ ಸುದ್ದಿ ತಲುಪಿತು, ಅದೂ ತಲೆಕೆಳಗಾಗಿ: ಡಿಸ್ಪೆನ್ಸರಿಯಲ್ಲಿ ಐತಪ್ಪನಿಗೆ ಹೊಡೆಯುತ್ತಿದ್ದಾರೆ ಎಂದು. ಜೆಪ್ಪುವಿನಲ್ಲಿ ಒಡೆದ ಹಂಚಿಗೆ ಬರವೇ? ಓಡಿಬಂದವರು ತೂರಿದ ಚೂರುಗಳಿಗೆ ಕಿಟಕಿಗಳೆಲ್ಲ ಪುಡಿಯಾದವು. ಗದ್ದಲ ಕೇಳಿ ಹೊರಗೆ ಓಡಿಬಂದ ಡಾಕ್ಟರ ಹುಬ್ಬನ್ನು ಹಂಚಿನ ಚೂರು ಸೀಳಿತು. ಪೊಲೀಸರು ಬಂದವರೇ ಕಂಡವರ ಮೇಲೆಲ್ಲ ಲಾಠಿ ಬೀಸತೊಡಗಿದರು.

ಯಾರಿಗಾಗಿ ಈ ಹೊಡೆದಾಟವೋ ಅವಳನ್ನೇ ಎಲ್ಲರೂ ಮರೆತಿದ್ದರು. ನನಗೆ ಪಿತ್ತ ನೆತ್ತಿಗೇರಿತು. ಗಾಡಿಯನ್ನು ಗೋಡೆಯ ಮರೆಗೆ ಎಳೆದು, ಕಾಲಿನ ಕಡೆ ಎತ್ತರಿಸಿ, ಸಿಕ್ಕಿದ ಬಟ್ಟೆಯನ್ನೆಲ್ಲ ಒತ್ತಿ ಹಿಡಿದೆ. ನಾಡಿ ನೋಡಲು ಅವಳ ಕೈ ತೆಗೆದುಕೊಂಡಾಗ ಉಗುರುಗಳ ಸಂದಿನಲ್ಲಿ ಹಂಚಿನ ಜೇಡಿಮಣ್ಣು ಕಂಡಿತು.

"ನೀನೂ ಕಾರ್ಖಾನೆಗೆ ಹೋಗ್ತೀಯಾ?"

"ಹೌದು ಬಾಯಮ್ಮ" ಎಂದಳು. ನಮ್ಮ ಕಡೆ ಕ್ರಿಸ್ತುವರ ಹೆಂಗಸರನ್ನು ಹಾಗೆ ಕರೆಯುವುದು. "ಹಸಿ ಹಂಚು ಹೊರುವ ಕೆಲಸ."

"ಸಂಬಳದಲ್ಲಿ ವಿಮೆಗೆ ಹಿಡೀತಾರಾ?"

"ಹಿಡೀತಾರೆ."

"ಮತ್ತೆ ನಿನ್ನ ಕಾರ್ಡು ಎಲ್ಲಿ?"

"ಮನೆಗೆ ಒಂದು ಸಾಕಲ್ಲ, ರೇಶನ್ ಕಾರ್ಡಿನ ಹಾಗೆ. ಅಣ್ಣನದ್ದು ಉಂಟಲ್ಲ ಅಂತ ನಾನು ತೆಕ್ಕೊಳ್ಳಲೇ ಇಲ್ಲ."

ಅಳಬೇಕೋ ಬೈಯಬೇಕೋ ನನಗೆ ತಿಳಿಯಲಿಲ್ಲ. ರೇಶನ್ ಕಾರ್ಡು ಮನೆಗೆ ಒಂದು, ಅದು ಯಜಮಾನನ ಹೆಸರಿನಲ್ಲಿ. ವಿಮೆ ಹಾಗಲ್ಲ, ದುಡಿಯುವ ಪ್ರತಿಯೊಬ್ಬರಿಗೂ ಬೇರೆ ಬೇರೆ. ಕಲ್ಯಾಣಿಗೆ ಅವಳದೇ ಹಕ್ಕು ಇತ್ತು. ಅದನ್ನು ಗುಮಾಸ್ತ ಕೇಳಲಿಲ್ಲ, ಅಣ್ಣ ಹೇಳಲಿಲ್ಲ.

"ಡಾಕ್ಟ್ರೇ, ಇವಳು ಯಾರ ಕುಟುಂಬವೂ ಆಗ್ಬೇಕಾಗಿಲ್ಲ! ಇವಳೇ ಕಾರ್ಖಾನೆಯ ಆಳು!" ಎಂದು ಕೂಗಿದೆ. ಅವರು ಕಣ್ಣಿಗಿಳಿದ ರಕ್ತವನ್ನು ತೋಳಿನಿಂದ ಒರೆಸಿಕೊಂಡು ಅಲ್ಲೇ ಸಹಿ ಹಾಕಿದರು. ಕಲ್ಯಾಣಿಯ ಜೊತೆ ನಾನೂ ಹತ್ತಿದೆ. ವ್ಯಾನು ಹೊರಟಾಗ ಅದರ ಕಿಟಕಿಯಿಂದ ನೋಡಿದೆ. ಐತಪ್ಪ ನೆಲದಲ್ಲಿ ಬಿದ್ದಿದ್ದ. ತಲೆಗೆ ಅಡ್ಡ ಹಿಡಿದ ಅವನ ಬಲಗೈಯ ಮೇಲೆ ಲಾಠಿ ಮತ್ತೆ ಮತ್ತೆ ಬೀಳುತ್ತಿತ್ತು.

ಕಲ್ಯಾಣಿ ಬದುಕಿದಳು. ಕೆಲವು ವಾರಗಳ ನಂತರ ತನ್ನದೇ ಹೊಸ ಕಾರ್ಡು ಹಿಡಿದು ಡಿಸ್ಪೆನ್ಸರಿಗೆ ಬಂದಳು. ಔಷಧಿ ಕೊಟ್ಟ ಮೇಲೂ ಬೆಂಚಿನಿಂದ ಏಳಲಿಲ್ಲ.

"ಬಾಯಮ್ಮ, ಇದರಲ್ಲಿ ಅಣ್ಣನ ಹೆಸರು ಸೇರಿಸ್ಲಿಕ್ಕೆ ಆಗ್ತದಾ? ಅವನನ್ನು ಕೆಲಸದಿಂದ ತೆಗೆದರು, ಅವನ ಕಾರ್ಡು ಇನ್ನು ನಡೆಯುವುದಿಲ್ಲವಂತೆ. ಕೈಯಲ್ಲಿ ಕೀವು ತುಂಬಿ ಉಂಟು."

ಪ್ರಾಯಕ್ಕೆ ಬಂದ ಅಣ್ಣನೂ ಕಾಯಿದೆಯ ಕುಟುಂಬದಲ್ಲಿ ಇಲ್ಲ. "ಆಗುವುದಿಲ್ಲ ಕಲ್ಯಾಣಿ" ಎಂದೆ.

"ಹಾಗಾದರೆ ನಾನು ಅವನಿಗೆ ಎಂತ ಆಗ್ಬೇಕು?" ಎಂದು ಕೇಳಿದಳು.

ಆ ಸಂಜೆಯೇ ಅವಳ ಮನೆಗೆ ಹೋಗಿ ಐತಪ್ಪನ ಗಾಯ ತೊಳೆದು ಕಟ್ಟಿದೆ. ಮರುದಿನ ದೊಡ್ಡ ಆಸ್ಪತ್ರೆಯಲ್ಲಿ ಬಡವರನ್ನು ಪುಕ್ಕಟೆ ನೋಡುವ ಧರ್ಮದ ವಾರ್ಡಿಗೆ ಸೇರಿಸಿದೆ. ಕೈ ಉಳಿಯಿತು, ಬೆರಳುಗಳು ಮಡಚಲಿಲ್ಲ. ವಿಮೆ ಯಾರಿಗುಂಟು ಎಂದು ಹೇಳುವವರು ಯಾರಿಗಿಲ್ಲ ಎಂಬುದನ್ನೂ ಜನ ಗಟ್ಟಿಯಾಗಿರುವಾಗಲೇ ಹೇಳಿಬಿಡಬೇಕು. ಇದನ್ನು ಕಲಿತ ಮೇಲೆ ನಾನು ಪ್ರತಿ ಸಂಬಳದ ದಿನ ಕಾರ್ಖಾನೆಯ ಗೇಟಿನಲ್ಲಿ ನಿಂತು ಎಲ್ಲವನ್ನೂ ತಿಳಿಸಿ ಹೇಳುತ್ತಿದ್ದೆ. ಅಣ್ಣತಂಗಿ ಒಟ್ಟಿಗೆ ಬಂದರೆ, ನಿವೃತ್ತಳಾಗುವವರೆಗೂ, ಮೊದಲು ತಂಗಿಯ ಕಾರ್ಡನ್ನೇ ಕೇಳುತ್ತಿದ್ದೆ.