ಕುದಿಯುವ ಮುಂಚಿನ ಕಣ್ಣು

ಮಗಳ ಎಡಗಣ್ಣು ಹೋಗಿ ವರ್ಷವಾಗಿತ್ತು. ಬಲಗಣ್ಣೂ ಅದರ ಬೆನ್ನು ಹತ್ತಿ ಹೋದರೆ? ದಿನಾ ಬೆಳಗ್ಗೆ ಮೊದಲು ಈ ಭಯ ಏಳುತ್ತಿತ್ತು, ಆಮೇಲೆ ಯಲ್ಲಕ್ಕ ಏಳುತ್ತಿದ್ದಳು. ಏಳು ವರ್ಷದ ಮಗಳು ತಾಯಕ್ಕನನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ ಬೆರಳು ಎತ್ತಿ ಹಿಡಿಯುವಳು.

"ಎಷ್ಟದಾವು?"

"ಹನ್ನೊಂದು."

"ಲೇ, ನೆಟ್ಟಗ ಹೇಳು!"

"ಮೂರು. ನಿನ್ನೀನೂ ಮೂರಾ ಇದ್ವು. ನಿನ್ನ ಕೈಯಾಗ ಬ್ಯಾರೆ ಬೆರಳು ಇಲ್ಲೇನಬೇ?"

ಹುಡುಗಿ ನಕ್ಕು ಓಡುವಳು. ಯಲ್ಲಕ್ಕನಿಗೆ ನಗು ಬಾರದು. ಏಟು ತಿಂದ ಕಣ್ಣಿನ ಸಂಕಟ ಕೆಲವರಲ್ಲಿ ಇನ್ನೊಂದು ಕಣ್ಣಿಗೂ ಇಳಿಯುತ್ತದೆ, ತಿಂಗಳಿಗೂ ಇಳಿದೀತು, ಹತ್ತು ವರ್ಷಕ್ಕೂ ಇಳಿದೀತು, ನೋಡುತ್ತಿರಬೇಕು ಎಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಅವಳು ನೋಡುತ್ತಲೇ ಇದ್ದಳು.

ಯಲ್ಲಕ್ಕ ಬಳ್ಳಾರಿಯಲ್ಲಿ ಬೆಳೆದು ಐದನೇ ಕ್ಲಾಸಿನವರೆಗೆ ಓದಿದವಳು. ಹಂಪಿಯ ಹೊಳೆದಂಡೆಗೆ, ಹರಿಗೋಲು ಹಾಕುವ ಪಾಲಪ್ಪನ ಹೆಂಡತಿಯಾಗಿ ಬಂದಾಗ ಅವಳಿಗೆ ಮೀನಿನ ತಲೆ ಯಾವುದು, ಬಾಲ ಯಾವುದು ಎಂಬುದಷ್ಟೇ ಗೊತ್ತಿತ್ತು. ಕಲಿಸಿದವಳು ಅತ್ತೆ ಜಂಬವ್ವ. ಕಂಪ್ಲಿಯವಳು, ಬಲೆಯ ಮೇಲೆಯೇ ಹುಟ್ಟಿದಂಥವಳು.

"ಮೀನಿನ ಮೈ ನೋಡಬ್ಯಾಡ, ಮೈ ಸುಳ್ಳು ಹೇಳತೈತಿ. ಕಣ್ಣು ನೋಡು."

ಹಂಪಿಯ ಬಂಡೆಗಳ ನಡುವಿನ ತಿಳಿಮಡುವಿನ ಬಿಳಿಮೀನಿಗೆ ಅಗಲವಾದ ಕರಿಗಣ್ಣು; ದಂಡೆಯ ಮೇಲೆ ನೆರಳು ಅಲ್ಲಾಡಿದರೂ ಸರ್ರನೆ ಸರಿಯುತ್ತದೆ. ಸಂಡೂರು ಗುಡ್ಡದ ಕೆಂಪು ನೀರು ಇಳಿಯುವ ಕೆರೆಯ ಬಾಳೆಮೀನಿಗೆ ಸಾಸಿವೆಗಣ್ಣು; ಅದು ಮೀಸೆಯಿಂದಲೇ ತಡವಿ ಊಟ ಹುಡುಕುತ್ತದೆ. ಗಾಳಕ್ಕೆ ಕಣ್ಣು ಕೊಟ್ಟು ತಪ್ಪಿಸಿಕೊಂಡ ಮೀನು ಸೊರಗುತ್ತದೆ, ಕುರುಡು ಮಗ್ಗುಲಿನಿಂದ ಬರುವ ಕೊಕ್ಕರೆ ಅದಕ್ಕೆ ಕಾಣದು. "ಕಣ್ಣಾಗ ರಕ್ತ ತುಂಬಿತ್ತಂದ್ರ ಅದು ಬಂಡೆಗಲ್ಲು ಸಿಡಿಸೋ ಮದ್ದಿನ ಸಾವು," ಎಂದೂ ಅತ್ತೆ ಹೇಳಿದ್ದಳು. "ಆದ್ರ ಹಸಿ ಇದ್ದಾಗ ನೋಡಬೇಕು. ಕುದ್ದ ಮ್ಯಾಲೆ ಎಲ್ಲಾ ಕಣ್ಣೂ ಬಿಳೀನ."

ಆಮೇಲೆ ಅಣೆಕಟ್ಟಿನ ಕೆಲಸ ಶುರುವಾಯಿತು. ಮದರಾಸಿನಿಂದ ಬಂದ ಕಲ್ಲಿನ ಕಂಟ್ರಾಕ್ಟರನಿಗೆ ಜನ 'ಗಾಳದ ದೊರೆ' ಎಂದು ಹೆಸರಿಟ್ಟರು. ಆಷಾಢದಲ್ಲಿ ಹೊಳೆ ಕೆಂಪಾದರೆ ಬಿಳಿಮೀನಿಗೆ ಎರೆ ಕಾಣದು, ಕಚ್ಚದು. ನೀರು ತಿಳಿಯಾಗುವತನಕ ಕಾಯುವ ತಾಳ್ಮೆ ದೊರೆಗಿರಲಿಲ್ಲ. ಎರೆಯಿಲ್ಲದ ಮೂರು ಮೊನೆಯ ಗಾಳ ಬೀಸಿ, ಸಿಕ್ಕಲ್ಲಿ ಸಿಕ್ಕಲಿ ಎಂದು ಎಳೆಯುತ್ತಿದ್ದ. ಹಾಗೆ ಕಣ್ಣು ಕಿತ್ತುಹೋದ ಮೀನುಗಳು ಯಲ್ಲಕ್ಕನ ಬುಟ್ಟಿಗೂ ಬಂದವು. ಒಂದು ಮುಂಜಾನೆ ಅವನು ಬೀಸಲೆಂದು ಕೋಲನ್ನು ಹಿಂದಕ್ಕೆ ಎತ್ತಿದಾಗ, ಬೆನ್ನ ಹಿಂದೆ ನಿಂತು ನೋಡುತ್ತಿದ್ದ ತಾಯಕ್ಕನ ಎಡಗಣ್ಣು ಸಿಕ್ಕಿತು.

ದಾರ ಕತ್ತರಿಸಿ ಅವನು ಹೇಳಿದ್ದು ಇಷ್ಟೇ: "ಇನ್ನೊಂದು ಕಣ್ಣು ಇದೆಯಲ್ಲ, ಅಳೋದು ಯಾಕೆ?"

ಡಾಕ್ಟರು ಬಿಡಿಸಿ ಕೊಟ್ಟ ಆ ಗಾಳವನ್ನು ಯಲ್ಲಕ್ಕ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡಳು. ಅಡಿಕೆಗೆ ಕೈಹಾಕಿದಾಗಲೆಲ್ಲ ಬೆರಳಿಗೆ ಚುಚ್ಚುತ್ತಿತ್ತು. ಚುಚ್ಚಲಿ ಎಂದೇ ಇಟ್ಟಿದ್ದಳು.

"ಬಿಡಲೇ," ಎನ್ನುತ್ತಿದ್ದ ಪಾಲಪ್ಪ. "ನನ್ನ ಹರಿಗೋಲು ಓಡೋದಾ ಅವನ ಕೆಲಸಕ್ಕ. ದೊಡ್ಡೋರ ಜೋಡಿ ನಮಗ್ಯಾಕ?"

"ಹರಿಗೋಲು ತೂತು ಬಿದ್ರ ನೀ ಎದ್ದು ಕುಂದರ್ತಿ. ಮಗಳ ಕಣ್ಣು ತೂತು ಬಿದ್ರ ಮಕ್ಕೋತಿ."

ಹೊಸಪೇಟೆಯಲ್ಲಿ ಅಕ್ಕಿಗಿರಣಿಯ ಕೊಟ್ರಯ್ಯನವರ ಹತ್ತಿರ ಫೋನು ಇತ್ತು. ದೂರು ಹೇಳಲೆಂದು ವರ್ಷದಲ್ಲಿ ಮೂರು ಸಲ ಗಿರಣಿಯ ಮೆಟ್ಟಿಲವರೆಗೆ ಹೋಗಿ ಹಿಂದಿರುಗಿದ್ದಳು. ಯಾರಿಗೆ ಹೇಳುವುದು? ಕೂಸೇ ಅಡ್ಡ ಬಂತು ಎಂದು ದೊರೆ ಆಗಲೇ ಊರಿಗೆಲ್ಲ ಸಾರಿದ್ದ.

ಮತ್ತೆ ಆಷಾಢ ಬಂತು. ಹೊಳೆ ಕೆಂಪಾದ ನಾಲ್ಕನೇ ದಿನ ದೊರೆಯ ಅಡುಗೆಯವ ಓಬಳೇಶ ಹೊಸಪೇಟೆ ಸಂತೆಯಲ್ಲಿ ಮೀನು ಮಾರುತ್ತ ಕೂತಿದ್ದ ಯಲ್ಲಕ್ಕನ ಮುಂದೆ ಬುಟ್ಟಿ ಇಳಿಸಿದ.

"ಜಲ್ದಿ ಹಸನು ಮಾಡಿಕೊಡಬೇ ಯಲ್ಲಕ್ಕ. ಮಧ್ಯಾಹ್ನ ಕ್ಯಾಂಪಿನ ದೊಡ್ಡ ಇಂಜಿನಿಯರು ನಮ್ಮಲ್ಲಿ ಊಟಕ್ಕ ಬರ್ತಾರ. ಮುಂಜಾನೆ ದೊರಿನಾ ಗಾಳ ಹಾಕಿ ಹಿಡದಾರ, ನಾಕೂ!"

ಕೆಂಪು ನೀರಿನಲ್ಲಿ ಬಿಳಿಮೀನು ಗಾಳ ಕಚ್ಚಿತೇ? ಅವಳು ಬುಟ್ಟಿಯ ಮೇಲೆ ಮುಚ್ಚಿದ್ದ ಸೊಪ್ಪು ಸರಿಸಿದಳು. ನಾಲ್ಕಕ್ಕೂ ಕರಿಗಣ್ಣಿಲ್ಲ; ರಕ್ತ ತುಂಬಿ ಕುಂಕುಮದ ಬಟ್ಟಲಾಗಿದ್ದವು. ಬಾಯಿ ಬಿಡಿಸಿದಳು, ಮೈ ತಿರುವಿದಳು, ಎಲ್ಲೂ ಗಾಳದ ಒಂದು ಗೀರಿಲ್ಲ. ಹೊಟ್ಟೆ ಸೀಳಿದಳು, ಒಳಗಿನ ಗಾಳಿಚೀಲ ಚಿಂದಿ.

ಅಣೆಕಟ್ಟಿನ ಬಂಡೆಗೆಂದು ಬೀಗ ಹಾಕಿಟ್ಟ ಮದ್ದು. ಒಂದು ತುಂಡು ಹೊರಗೆ ಬರಬೇಕಾದರೂ ದೊಡ್ಡ ಇಂಜಿನಿಯರ ಅಪ್ಪಣೆ ಬೇಕು. ಅವರ ಮದ್ದನ್ನೇ ಕದ್ದು, ಹೊಳೆ ಸಿಡಿಸಿ, ಅವರಿಗೇ ಊಟ! ಒಂದು ವರ್ಷದಲ್ಲಿ ಮೊದಲ ಸಲ ಅವಳಿಗೆ ನಗು ಬಂತು.

"ತಲಿ ತಗದುಬಿಡು," ಎಂದ ಓಬಳೇಶ.

"ಹುಚ್ಚಪ್ಪ, ದೊಡ್ಡೋರಿಗೆ ಇಡೀ ಮೀನು ಇಟ್ರ ಮರ್ಯಾದಿ. ತಲಿ ಇರಲಿ."

"ನೀ ಓದಿದಾಕಿ. ನಿನ್ನ ಮಾತಾ ಸೈ."

"ಒಲಿ ಮ್ಯಾಲೆ ಯಾವಾಗ ಇಡ್ತಿ?"

"ಹನ್ನೆರಡಕ್ಕ."

ಅವನು ಮೀನು ಹೊತ್ತು ಮರೆಯಾಗುತ್ತಲೇ ಯಲ್ಲಕ್ಕ ಕೈ ತೊಳೆದು, ತನ್ನ ಬುಟ್ಟಿಯನ್ನು ಅಲ್ಲೇ ಬಿಟ್ಟು ಗಿರಣಿಗೆ ಓಡಿದಳು. ಗೋಡೆಯ ಗಡಿಯಾರದಲ್ಲಿ ಹನ್ನೊಂದೂವರೆ.

"ಶಿವನೇ, ಮೀನಿನ ಕೈ! ಅಲ್ಲೇ ನಿಂದ್ರು!" ಎಂದರು ಕೊಟ್ರಯ್ಯ.

"ಬೂದಿ ಹಚ್ಚಿ ಮೂರು ಸಲ ತೊಳದೀನ್ರಿ. ಬೇಕಾದ್ರ ಮೂಸಿ ನೋಡ್ರಿ."

"ಮೂಸಾಕ ನನಗೇನು ಹುಚ್ಚ? ಯಾರಿಗೆ ಮಾಡಬೇಕು?"

"ಕ್ಯಾಂಪ್ ಬಂಗಲೇದ ದೊಡ್ಡ ಇಂಜಿನಿಯರಿಗೆ. ಗಾಳದ ದೊರೆ ಸಲುವಾಗಿ."

ಕೊಟ್ರಯ್ಯ ಅವಳ ಮುಖ ನೋಡಿದರು. ತಾಯಕ್ಕನನ್ನು ಅವರೂ ಕಂಡಿದ್ದರು. ತಾವೇ ಫೋನು ಹಚ್ಚಿಸಿ, ಟವೆಲು ಸುತ್ತಿ ಮುಂದಕ್ಕೆ ಹಿಡಿದರು. "ಮಾತಾಡು. ಟವೆಲ್ ವಾಪಸ್ ಬ್ಯಾಡ."

"ಹಲೋ, ಯಾರು?" ದಪ್ಪ ದನಿ ಕೇಳಿತು.

"ಸಾಹೇಬ್ರ, ನೀವು ಮಧ್ಯಾಹ್ನ ಉಣ್ಣೋ ಮೀನು ಇನ್ನಾ ಹಸಿ ಅದಾವು. ಕಂಟ್ರಾಕ್ಟರ ಅಡಿಗಿಮನಿಗೆ ಹೋಗಿ ಅವುಗಳ ಕಣ್ಣು ನೋಡ್ರಿ. ಬರೇ ರಕ್ತ. ಗಾಳ ಹಾಕಿದ್ದಲ್ಲ, ನಿಮ್ಮ ಮದ್ದು ಸಿಡಿಸಿದ್ದು. ಹನ್ನೆರಡರೊಳಗ ಹೋಗ್ರಿ. ಕುದ್ದ ಮ್ಯಾಲೆ ಎಲ್ಲಾ ಕಣ್ಣೂ ಬಿಳಿ."

ಆ ಕಡೆ ಕುರ್ಚಿ ಸರಿದ ಸಪ್ಪಳ. "ನಿನ್ನ ಹೆಸರೇನಮ್ಮ?"

ಪಾಲಪ್ಪನ ಹರಿಗೋಲು ಕಣ್ಣ ಮುಂದೆ ಬಂತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಗಾಳ ಚುಚ್ಚಿತು.

"ಯಲ್ಲಕ್ಕ. ಹರಿಗೋಲಿನ ಪಾಲಪ್ಪನ ಹೆಂಡ್ತಿ, ತಾಯಕ್ಕನ ಅವ್ವ. ಬರಕೊಳ್ರಿ ಸಾಹೇಬ್ರ. ಕೆಲಸ ಹೋತಂತ ಆ ನಿಮ್ಮ ದೊರೆ ಅಳಾಕ ಹತ್ತಿದ್ರ ನನ್ನ ಹೆಸರು ಹೇಳಿ ಕೇಳ್ರಿ: ಎರಡೂ ಕಣ್ಣು ಅದಾವಲ್ಲ, ಅಳೋದು ಯಾಕ?"