ಹುತ್ತದ ಮಣ್ಣಿನ ರೊಟ್ಟಿಗೂಡು

ಗೆಳೆಯರೇ, ಹಾಸ್ಟೆಲಿನ ಹಿತ್ತಲಲ್ಲಿ ರೊಟ್ಟಿ ಬೇಯಿಸಲು ನಾವೇ ಕಟ್ಟಿದ ಮಣ್ಣಿನ ಒಲೆಗೆ, ನಮ್ಮ ರೊಟ್ಟಿಗೂಡಿಗೆ, ಇವತ್ತು ಮೊದಲ ಬೆಂಕಿ ಹಾಕಿದೆವು. ಜಾತಿಗೊಂದು ಪಂಕ್ತಿಯಲ್ಲಿ ಉಣ್ಣುವ ಹುಡುಗರಿಗೆಲ್ಲ ಒಂದೇ ಗೂಡಿನ ರೊಟ್ಟಿ ತಿನ್ನಿಸಬೇಕೆಂಬುದು ನನ್ನ ಹಟ. ರೇಷನ್ ಗೋಧಿಯ ರೊಟ್ಟಿ ಬೇಯುತ್ತಿದ್ದಾಗ ಗೂಡಿನ ಗೋಡೆಯೊಳಗಿಂದ ಬುಸ್ ಎಂಬ ಸದ್ದು ಬಂತು.

“ಕುಂದಾಣದ ಹುತ್ತ ಅಗೆದು ತಂದ ಮಣ್ಣು ಕಣೋ ಇದು. ನಾಗಪ್ಪನ ಮನೇಲಿ ಬೆಂದಿದ್ದನ್ನ ನಾನಂತೂ ತಿನ್ನಲ್ಲ,” ಎಂದ ಗೆಳೆಯ ಮುನಿಯಪ್ಪ. ಉಳಿದವರೂ ಹಿಂದೆ ಸರಿದರು.

“ಗೋಡೆ ಇನ್ನೂ ಹಸಿ ಕಣ್ಲಾ, ಆವಿ ಅದು,” ಎಂದು ನಾನೊಬ್ಬನೇ ತಿಂದೆ.

ಸಂಜೆ ಮುಟ್ಟಿ ನೋಡಿದಾಗ ಗೂಡು ತಣ್ಣಗಿತ್ತು. ಸದ್ದು ಮಾತ್ರ ಇನ್ನೂ ಬರುತ್ತಿತ್ತು. ನಾನು ಉಸಿರು ಬಿಗಿಹಿಡಿದರೆ ಅದೂ ನಿಲ್ಲುತ್ತಿತ್ತು.

ಈಗ ಆ ಸದ್ದಿಗೆ ಹೆದರಿ ಎಲ್ಲ ಜಾತಿಯವರೂ ಕೋಣೆಯ ಬಾಗಿಲು ಹಾಕಿಕೊಂಡು ಒಂದೇ ಚಾಪೆಯ ಮೇಲೆ ಒತ್ತಿ ಕುಳಿತಿದ್ದೇವೆ. ನನ್ನ ಭಾಷಣಗಳಿಂದ ಇಷ್ಟು ಆಗಿರಲಿಲ್ಲ.